ಎದೆ ಮೇಲಿನ ಹೆಸರು

ದಾವಣಗೆರೆ, 16 ಜೂನ್ 2024, ಭಾನುವಾರ ರಾತ್ರಿ

ಇವತ್ತಿನ ನಮ್ಮ ಓಣಿ ಟೀಮಿನ ಫುಟ್‌ಬಾಲ್ ಮ್ಯಾಚ್ ಬಗ್ಗೆ ಬರೆಯಲ್ಲ. ಸೋತೆವು, ಅಷ್ಟೇ.

ಆಮೇಲೆ ಆದದ್ದೇ ತಲೆಯಲ್ಲಿ ಕೂತಿದೆ. ಸೈಟ್ ಮಾರುವವರೊಬ್ಬರು ಬಂದಿದ್ದರು. ಜೆರ್ಸಿ, ಬೂಟು, ಎರಡೂ ಕಡೆ ನೆಟ್, ಎಲ್ಲ ಕೊಡಿಸ್ತಾರಂತೆ. ಓಣಿ ಹೆಸರು ತೆಗೆದು ಅವರ ಲೇಔಟ್ ಹೆಸರು ಹಾಕಬೇಕು, ಜೆರ್ಸಿಗೆ ಮಾತ್ರ ಅಲ್ಲ, ಟೀಮಿಗೂ. ಹುಡುಗರು ಆಗಲೇ ಬೂಟಿನ ಸೈಜು ಹೇಳ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಇಪ್ಪತ್ತು ರೂಪಾಯಿ ವಂತಿಗೆ ಎತ್ತಿ ನಡೆಸಿದ ಕ್ಲಬ್ಬು ಸ್ವಾಮಿ ಇದು!

ದೊಡ್ಡಪ್ಪನ ಹತ್ರ ಹೋದೆ. ಮಂಡಕ್ಕಿ ಮುಂದಿಟ್ಟುಕೊಂಡು ಕೂತಿದ್ದರು, ಮಿರ್ಚಿ ನನಗೆ ತಳ್ಳಿದರು. ನಾನು ಶುರು ಮಾಡಿದೆ. ಬಟ್ಟೆ ಮಿಲ್ಲುಗಳು ಓಡುವಾಗ ನಮ್ಮೂರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಇಂಗ್ಲೆಂಡಿನ ಆ ಅಸಲಿ ಮ್ಯಾಂಚೆಸ್ಟರಲ್ಲಿ 2005ರಲ್ಲಿ ಅಮೆರಿಕದ ಗ್ಲೇಜರ್ ಮನೆತನದವರು ಸಾಲ ಮಾಡಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬನ್ನೇ ಕೊಂಡು, ಸಾಲವನ್ನ ಆ ಕ್ಲಬ್ಬಿನ ತಲೆಗೇ ಕಟ್ಟಿದರು, ಅದಕ್ಕೆ ಸಿಟ್ಟಾದ ಅಭಿಮಾನಿಗಳು ಹೊರಗೆ ಬಂದು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ಬೇರೆ ಕ್ಲಬ್ಬನ್ನೇ ಕಟ್ಟಿಕೊಂಡರು. ಆ ಹೊಸ ಕ್ಲಬ್ಬಲ್ಲಿ ಎಷ್ಟು ದುಡ್ಡು ಹಾಕಿದರೂ ಸದಸ್ಯನಿಗೆ ಒಂದೇ ಓಟು. ಕೆಳಗಿನ ಲೀಗಲ್ಲಿ ಆಡ್ತಾ ಆಡ್ತಾ, ಜನರೇ ಷೇರು ಕೊಂಡು ದುಡ್ಡು ಕೂಡಿಸಿ, 2015ರಲ್ಲಿ ಸ್ವಂತ ಮೈದಾನ ಮಾಡಿಕೊಂಡರು. ಅಂಗಿ ಮೇಲೆ ಯಾವ ಕಂಪನಿ ಹೆಸರೂ ಹಾಕಲ್ಲ ಅಂತ ಶುರುವಿನಲ್ಲೇ ಬರೆದಿಟ್ಟವರು. ಹೆಂಗೆ?

ದೊಡ್ಡಪ್ಪ ಎದ್ದು ಟ್ರಂಕಿನಿಂದ ಹಳೇ ಅಂಗಿ ತಂದರು. ಬೆನ್ನಿಗೆ ದೊಡ್ಡಮ್ಮ ಹಳೇ ಪಂಚೆ ಕತ್ತರಿಸಿ ಹೊಲಿದ ೯. ಅವರಿಗೆ ಕನ್ನಡ ಅಂಕಿ ಮಾತ್ರ ಬರ್ತಿತ್ತು. ಒಮ್ಮೆ ರೆಫರಿ ಅದನ್ನ ೬ ಅಂತ ಓದಿ, ಸುಮ್ನೆ ನಿಂತಿದ್ದ ಬ್ಯಾಕ್ ಆಟಗಾರನ ಹೆಸರು ಬರೆದುಕೊಂಡಿದ್ದರಂತೆ. ಇಬ್ಬರೂ ನಕ್ಕೆವು.

ಆಮೇಲೆ ಅಂಗಿ ತಿರುಗಿಸಿದರು. ಎದೆ ಮೇಲೆ ಮಿಲ್ಲಿನ ಹೆಸರು, ಅರ್ಧ ಅಳಿಸಿದೆ.

"ನಮಗೂ ಮಿಲ್ಲಿನೋರೇ ಬೂಟು ಕೊಡಿಸಿದ್ದು ಕಣಲೇ. ತಗೋರಿ. ಹುಡುಗರ ಕಾಲು ನೋಡಿದೀಯಾ?"

ನೋಡಿದ್ದೀನಿ. ಇವತ್ತೂ ಒಬ್ಬನ ಹೆಬ್ಬೆರಳ ಉಗುರು ಕಿತ್ತು ಬಂತು. ನಾನೇ ಅರಿಶಿನ ಒತ್ತಿದ್ದು.

"ಮಿಲ್ಲು ಮುಚ್ಚಿದ ಮೇಲೆ?" ಅಂತ ಕೇಳಿದೆ.

"ಮುಚ್ಚಿದ ಮೇಲೆ ಏನು? ಓಣಿಯೋರು ಇದ್ರಲ್ಲ."

ಇದು ನನ್ನ ಮಾತಿಗೆ ಬೆಂಬಲವೋ ಅವರ ಮಾತಿಗೋ ಗೊತ್ತಾಗಲಿಲ್ಲ. ಅಷ್ಟೊತ್ತಿಗೆ ದೊಡ್ಡಮ್ಮ ಊಟಕ್ಕೆ ಕರೆದರು.

ಈಗ ಲೆಕ್ಕದ ಪುಸ್ತಕ ತೆಗೆದಿದ್ದೀನಿ. ಕೈಯಲ್ಲಿರೋದು 1,340 ರೂಪಾಯಿ. ಜೆರ್ಸಿಗೆ ಅವರ ಹೆಸರು, ಟೀಮಿಗೆ ಓಣಿ ಹೆಸರೇ ಅಂತ ಹೇಳಿ ನೋಡಬಹುದೇನೋ. ಒಪ್ಪದಿದ್ದರೆ ವಂತಿಗೆ ಮೂವತ್ತು ಮಾಡಬೇಕು, ಆದರೆ ಮೂಲೆಮನೆ ಅಜ್ಜಿ ಇಪ್ಪತ್ತನ್ನೇ ಎರಡು ಕಂತಲ್ಲಿ ಕೊಡೋದು, ಅವರ ಹತ್ರ ಹೋಗಿ