ಮೂಗಿನ ಸುತ್ತ ಒಂದಿಷ್ಟು ಇಂಗ್ಲಿಷ್

ಗಂಗಾವತಿಯಲ್ಲಿ ಅಕ್ಕನ ಮಗಳು ಕಟ್ಟೆ ಮೇಲೆ ಕುಂತು ಎಸ್ ಅಕ್ಷರದ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಸ್ನೀಜ್ ಅಂದ್ರೆ ಸೀನು, ಸ್ನೋರ್ ಅಂದ್ರೆ ಗೊರಕೆ ಹೊಡಿ, ಸ್ನಿಫ್ ಅಂದ್ರೆ ಮೂಸು, ಸ್ನೌಟ್ ಅಂದ್ರೆ ಪ್ರಾಣಿಯ ಮೂತಿ. ತಟ್ಟನೆ ನಿಲ್ಲಿಸಿ, "ಮಾಮಾ, ಇವೆಲ್ಲ ಮೂಗಿನ ಸುದ್ದಿನೇ ಅದಾವಲ್ಲ?" ಅಂದಳು.

ಎಷ್ಟು ಖುಷಿಯಾಯಿತು! ಈ ಹುಡುಗಿ ಹಿಡಿದ ಎಳೆಯನ್ನೇ ಭಾಷಾವಿಜ್ಞಾನಿಗಳೂ ಹಿಡಿದಿದ್ದಾರೆ. ಹಿಂದೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದ ಜೆ.ಆರ್. ಫರ್ತ್ 1930ರಲ್ಲಿ ಈ ಪದಗಳ ಮೊದಲಿಗಿರುವ 'ಸ್ನ'ದಂತೆ ಅರ್ಥ ಸೂಸುವ ಧ್ವನಿಗುಂಪಿಗೆ 'ಫೋನೆಸ್ಥೀಮ್' ಎಂದು ಹೆಸರಿಟ್ಟರು. ಗ್ಲೋ, ಗ್ಲಿಟರ್, ಗ್ಲೀಮ್ ಎಲ್ಲವೂ ಬೆಳಕಿನವು. ಫ್ಲೋ, ಫ್ಲೈ, ಫ್ಲಾಪ್‌ನಲ್ಲಿ ಚಲನೆ ಇದೆ. ನಿಯಮವೇನಲ್ಲ ಬಿಡಿ, ಸ್ನೇಕ್‌ಗೂ ಗ್ಲೂಗೂ ಇದು ಹೊಂದುವುದಿಲ್ಲ.

ನನ್ನನ್ನು ಬಹಳ ಹಿಡಿದು ನಿಲ್ಲಿಸಿದ್ದು ಸ್ನೀಜ್. ಹಳೆಯ ಇಂಗ್ಲಿಷಿನಲ್ಲಿ ಅದು ಎಫ್ ಅಕ್ಷರದಿಂದ ಶುರುವಾಗುತ್ತಿತ್ತು, 'ಫ್ನೆಯೊಸಾನ್' ಎಂಬಂತೆ. 'ಫ್ನ' ಎನ್ನುವ ಉಚ್ಚಾರ ಆ ಭಾಷೆಯಲ್ಲಿ ಮರೆಯಾಗುತ್ತಾ ಬಂದಂತೆ ಸೀನುವ ಪದವೂ ಗೊರಕೆಯ ಸಾಲಿಗೆ ಬಂದು ಸೇರಿಕೊಂಡಿತು. ಜನರ ಕಿವಿಯೇ ಅದನ್ನು ಅಲ್ಲಿಗೆ ಸೇರಿಸಿತು ಅಂತ ನನಗನಿಸುತ್ತದೆ.

ಇಂಥ ಪದಗಳನ್ನು ಮಕ್ಕಳಿಗೆ ಗುಂಪುಗುಂಪಾಗಿಯೇ ಕೊಡಬೇಕು, ಒಂದು ಸಿಕ್ಕರೆ ಇನ್ನೊಂದು ತಾನೇ ನೆನಪಾಗುತ್ತದೆ. ನಮ್ಮಲ್ಲೂ ನೋಡಿ: ಮೂಗು, ಮೂಸು, ಮೂತಿ, ಮೂಗುತಿ. ಇದನ್ನು ಹೇಳಿದ್ದೇ ತಡ, ಅವಳು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೂ ಒಂದು ಪುಟ ತೆಗೆದಳು.