ಹನ್ನೆರಡು ಜನ ಕಡಿಮೆ

20 ಅಕ್ಟೋಬರ್ 2024, ಭಾನುವಾರ ರಾತ್ರಿ

ನಮ್ಮ ಅರಿವಳಿಕೆ ತಜ್ಞರ ಸಂಘದ ವಾರ್ಷಿಕ ಸಮ್ಮೇಳನ ಇವತ್ತು ಮಧ್ಯಾಹ್ನ ಮುಗಿಯಿತು. ಅದರ ಜೊತೆಗೆ ನನ್ನ ಎರಡು ವರ್ಷದ ಗೌರವ ಕಾರ್ಯದರ್ಶಿ ಕೆಲಸವೂ ಮುಗಿಯಿತು. ಇನ್ನು ನಿನ್ನೆಯ ಮಹಾಸಭೆಯ ನಡಾವಳಿ ಬರೆಯುವುದೊಂದೇ ಬಾಕಿ. ನೆನಪು ಹಸಿಯಾಗಿರುವಾಗಲೇ ಕೂತಿದ್ದೇನೆ.

ಸಭೆ ಸಂಜೆ 5ಕ್ಕೆ ಇತ್ತು. ಬೈಲಾ ಪ್ರಕಾರ ಕೋರಂಗೆ, ಅಂದರೆ ಸಭೆ ನಡೆಸಲು, ಕನಿಷ್ಠ 50 ಜನ ಬೇಕು. ನಾನು ಎಣಿಸಿದಾಗ ಇದ್ದವರು 38. ಪಕ್ಕದ ಹಾಲಿನಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ನರದ ಬ್ಲಾಕ್ (ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು) ಕೊಡುವ ಕಾರ್ಯಾಗಾರ ಇನ್ನೂ ನಡೆಯುತ್ತಿತ್ತು. ಅಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಕಲಿಯಲು ಬಂದವರನ್ನು ದೂರುವುದಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ಇಟ್ಟದ್ದು ನಮ್ಮ ತಪ್ಪು. ಅಧ್ಯಕ್ಷರು ಸಭೆಯನ್ನು ಅರ್ಧ ಗಂಟೆ ಮುಂದೂಡಿದರು. ಮತ್ತೆ ಸೇರಿದಾಗ ಇನ್ನು ಮೂವರು ಬಂದಿದ್ದರು.

ಮುಂದೂಡಿದ ಸಭೆಗೆ ಕೋರಂ ಬೇಕಾಗಿಲ್ಲ. ವರದಿ, ಲೆಕ್ಕ, ಆಡಿಟರ್ ನೇಮಕ, ಖರ್ಚಿನ ತೀರ್ಮಾನ ಎಲ್ಲ ಮಾಡಬಹುದು. ಆದರೆ ಬೈಲಾ ತಿದ್ದುಪಡಿ ಮಾಡುವ ಹಾಗಿಲ್ಲ. ಹಾಗಾಗಿ ಕಾರ್ಯಕಾರಿ ಸಮಿತಿಯಲ್ಲಿ ಪಿಜಿ ವಿದ್ಯಾರ್ಥಿಗಳಿಗೆ ಮತದ ಹಕ್ಕಿರುವ ಒಂದು ಸ್ಥಾನ ಕೊಡುವ ತಿದ್ದುಪಡಿ ಮುಂದಿನ ವರ್ಷಕ್ಕೆ ಹೋಯಿತು. ಅದಕ್ಕಾಗಿ ಎಂಟು ತಿಂಗಳು ಓಡಾಡಿದ ಮೂವರು ಹುಡುಗಿಯರು ಹಿಂದಿನ ಸಾಲಿನಲ್ಲೇ ಕೂತಿದ್ದರು. ಅವರಲ್ಲಿ ಒಬ್ಬಳಿಗೆ ಮುಂದಿನ ವರ್ಷ ಕೋರ್ಸ್ ಮುಗಿದಿರುತ್ತದೆ. 5 ಗಂಟೆಗೆ ಬರಿ 12 ಜನ ಕಡಿಮೆ! ಬೇಜಾರಾಗದೆ ಇರುತ್ತದಾ?

ಚಟುವಟಿಕೆಗಳ ವರದಿ ಓದಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ತಿಂಗಳಿಗೊಂದು ಆನ್‌ಲೈನ್ ಪಾಠ, ಪಿಜಿಗಳಿಗೆ ಪರೀಕ್ಷೆಯ ತಯಾರಿ, ಉಸಿರಿನ ಕೊಳವೆ ಹಾಕಲು ಕಷ್ಟವಾಗುವ ಶ್ವಾಸಮಾರ್ಗದ ಬಗ್ಗೆ ಎರಡು ಕಾರ್ಯಾಗಾರ. ಮೊನ್ನೆ ಬುಧವಾರ, ಅಕ್ಟೋಬರ್ 16, ವಿಶ್ವ ಅರಿವಳಿಕೆ ದಿನ. 1846ರಲ್ಲಿ ಅದೇ ದಿನ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಎಲ್ಲರೆದುರು ಈಥರ್ ಕೊಟ್ಟು ಅರಿವಳಿಕೆ ತೋರಿಸಿದ್ದ. ನಾವು ಆ ದಿನ ಶಾಲಾ ಮಕ್ಕಳಿಗೆ, ಬಸ್ ಚಾಲಕರಿಗೆ ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಿದೆವು. ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ ಕನಿಷ್ಠ 5 ಸೆಂಟಿಮೀಟರ್ ಆಳ. ಅಭ್ಯಾಸದ ಬೊಂಬೆಯ ಎದೆ ಅಷ್ಟು ಗಟ್ಟಿ ಇರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ.

ಚುನಾವಣೆ ವಾರದ ಹಿಂದೆಯೇ ಆನ್‌ಲೈನ್‌ನಲ್ಲಿ ಮುಗಿದಿತ್ತು. ಫಲಿತಾಂಶ ಓದಿದೆವು, ಚಪ್ಪಾಳೆ ಬಿತ್ತು.

ಲೆಕ್ಕದ ಹೊತ್ತಿಗೆ ಸಭೆ ಬಿಸಿಯಾಯಿತು. ಖಜಾಂಚಿ ಮೇಡಂ ಏನನ್ನೂ ಮುಚ್ಚಿಡದೆ ಹೇಳಿದರು. ನಮ್ಮ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸಮ್ಮೇಳನದ ಸ್ಟಾಲುಗಳಿಂದ, ಅಂದರೆ ಔಷಧ ಮತ್ತು ಉಪಕರಣದ ಕಂಪನಿಗಳಿಂದ ಬರುತ್ತದೆ. "ನಾವು ಯಾವ ಯಂತ್ರ ಒಳ್ಳೆಯದು ಅಂತ ಹೇಳುವವರು. ಹೇಳುವ ವೇದಿಕೆಗೆ ದುಡ್ಡು ಕೊಡುವವರು ಅದೇ ಯಂತ್ರ ಮಾರುವವರು," ಅಂದರು. ಯಾರೂ ಮಾತಾಡಲಿಲ್ಲ. ನನಗೂ ಇದು ಬಹಳ ದಿನದಿಂದ ಕೊರೆಯುತ್ತಿದ್ದ ವಿಷಯ. ಸ್ಟಾಲು ಪೂರ್ತಿ ಬೇಡ ಎಂದರೆ ಪ್ರತಿನಿಧಿ ಶುಲ್ಕ ಪಿಜಿಗಳ ಕೈಗೆ ಎಟುಕುವುದಿಲ್ಲ, ಅದೂ ನಿಜ. ಕೊನೆಗೆ ಎರಡು ತೀರ್ಮಾನ ಆದವು. ಭಾಷಣ ಮಾಡುವ ಪ್ರತಿಯೊಬ್ಬರೂ ಮೊದಲ ಸ್ಲೈಡಿನಲ್ಲೇ ತಾವು ಯಾವ ಕಂಪನಿಯಿಂದ ಏನು ಪಡೆದಿದ್ದೇವೆಂದು ಹೇಳಬೇಕು. ಮಾರ್ಗಸೂಚಿ ಬರೆಯುವ ಸಮಿತಿಯ ಖರ್ಚು ಸದಸ್ಯತ್ವ ಶುಲ್ಕದಿಂದ ಮಾತ್ರ ಬರಬೇಕು.

ಆಮೇಲೆ ಬಂದದ್ದು ಅವಘಡ ವರದಿ ದಾಖಲೆಯ ಖರ್ಚು. ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಏನಾದರೂ ತಪ್ಪು ಆದರೆ, ಆಗುವುದು ಕೂದಲೆಳೆಯಲ್ಲಿ ತಪ್ಪಿದರೂ, ವೈದ್ಯರು ಹೆಸರು ಹಾಕದೆ ಅದನ್ನು ಸಂಘಕ್ಕೆ ಬರೆಯುವ ವ್ಯವಸ್ಥೆ ಇದು. ಹಿರಿಯರೊಬ್ಬರು ಎದ್ದು, "ವರ್ಷಕ್ಕೆ ಅರವತ್ತು ಚಿಲ್ಲರೆ ವರದಿ ಬರುತ್ತದೆ. ಇದಕ್ಕೊಬ್ಬ ಗುಮಾಸ್ತ, ಒಂದು ಸಾಫ್ಟ್‌ವೇರ್ ಬೇಕಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ನಾನು ಬ್ರಿಟನ್ನಿನ ಉದಾಹರಣೆ ಕೊಟ್ಟೆ. ಅಲ್ಲಿ ರಾಯಲ್ ಕಾಲೇಜ್ ಆಫ್ ಅನೆಸ್ಥೆಟಿಸ್ಟ್ಸ್ ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ ಸೇರಿ 2008-09ರಲ್ಲಿ ಒಂದು ವರ್ಷ ಶ್ವಾಸಮಾರ್ಗದ ದೊಡ್ಡ ಅವಘಡಗಳನ್ನೆಲ್ಲ ಕಲೆಹಾಕಿದವು. 309 ಸರ್ಕಾರಿ ಆಸ್ಪತ್ರೆಗಳಲ್ಲೂ ವರದಿ ಕಳಿಸಲು ಒಬ್ಬೊಬ್ಬರು ಇದ್ದರು. ಆಗ ವರ್ಷಕ್ಕೆ ಸುಮಾರು 29 ಲಕ್ಷ ಸಲ ಪೂರ್ತಿ ಅರಿವಳಿಕೆ ಕೊಡುತ್ತಿದ್ದ ದೇಶ. ಕೊನೆಗೆ ಎಣಿಕೆಗೆ ಸೇರಿದ ವರದಿಗಳು 184 ಮಾತ್ರ. ಆದರೆ 2011ರಲ್ಲಿ ಅವನ್ನು ಪ್ರಕಟಿಸಿದಾಗ ಒಂದು ವಿಷಯ ಎದ್ದು ಕಂಡಿತು. ತೀವ್ರ ನಿಗಾ ಘಟಕದಲ್ಲಿ ಹೀಗೆ ಆದ ಸಾವುಗಳಲ್ಲಿ 70 ಪ್ರತಿಶತಕ್ಕಿಂತ ಹೆಚ್ಚಿನವಕ್ಕೆ ಕ್ಯಾಪ್ನೋಗ್ರಾಫ್ ಇಲ್ಲದಿರುವುದು ಅಥವಾ ಅದನ್ನು ಸರಿಯಾಗಿ ಬಳಸದಿರುವುದು ಒಂದು ಕಾರಣವಾಗಿತ್ತು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಯಂತ್ರ ಅದು. ಉಸಿರಾಟಕ್ಕೆ ಹಾಕಿದ ಕೊಳವೆ ಶ್ವಾಸನಾಳದಲ್ಲಿದೆಯೋ ಅನ್ನನಾಳಕ್ಕೆ ಹೋಗಿದೆಯೋ ಎಂದು ಅದರ ಗೆರೆ ನೋಡಿದರೆ ತಿಳಿಯುತ್ತದೆ. ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದೇ ಸಾವು ನೋಡಿದವರಿಗೆ ಇದು ಕಾಣುವುದು ಹೇಗೆ?

ಇನ್ನೊಂದು ಮಾತೂ ಹೇಳಿದೆ. ಹೇಳಬೇಕೆಂದು ಹೋಗಿರಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ರಾತ್ರಿ ವಾಂತಿ ತಡೆಯುವ ಔಷಧದ ಬದಲು ಸ್ನಾಯು ಸಡಿಲಿಸುವ ಔಷಧ ಕೊಟ್ಟೆ. ಎರಡರ ಆಂಪೂಲೂ (ಔಷಧದ ಪುಟ್ಟ ಗಾಜಿನ ಶೀಶೆ) ಒಂದೇ ಅಳತೆ, ಒಂದೇ ತರಹದ ಲೇಬಲ್. ಸಿರಿಂಜಿಗೆ ಬಣ್ಣದ ಪಟ್ಟಿ ಅಂಟಿಸಿರಲಿಲ್ಲ. ಸ್ನಾಯು ಸಡಿಲಿಸುವ ಔಷಧಕ್ಕೆ ಕೆಂಪು ಪಟ್ಟಿ ಅಂತ ನಿಯಮ ಇರುವುದೇ ಇದಕ್ಕೆ. ರೋಗಿ ಇನ್ನೂ ವೆಂಟಿಲೇಟರಿನಲ್ಲಿ, ನಿದ್ದೆಯಲ್ಲಿ ಇದ್ದರು. ಹಾಗೇ ಮಲಗಿಸಿಟ್ಟು ಅರ್ಧ ಗಂಟೆ ತಡವಾಗಿ ಎಚ್ಚರಿಸಿದೆ. ಅವರಿಗೂ ಮನೆಯವರಿಗೂ ಹೇಳಿದೆ. ಸಂಘಕ್ಕೆ ಮಾತ್ರ ಬರೆಯಲಿಲ್ಲ. ನಾಚಿಕೆ ಆಗಿತ್ತು.

ಕಾರ್ಯದರ್ಶಿಯಾದ ಮೊದಲ ವರ್ಷ ಅದೇ ಎರಡು ಆಂಪೂಲಿನ ಇನ್ನೊಂದು ವರದಿ ಬಂತು. ಬೇರೆ ಆಸ್ಪತ್ರೆ. ಅಲ್ಲಿ ರೋಗಿ ಎಚ್ಚರಾಗಿ ತಾವೇ ಉಸಿರಾಡುತ್ತಿದ್ದರು. ಔಷಧ ಹೋದಮೇಲೆ ಉಸಿರು ನಿಂತಿತು. ಪ್ರಜ್ಞೆ ಇದೆ, ಬೆರಳೂ ಅಲುಗಾಡಿಸಲಾಗದು. ವೈದ್ಯೆ ತಕ್ಷಣ ನಿದ್ದೆ ಬರಿಸಿ, ಮಾಸ್ಕ್ ಹಿಡಿದು ಉಸಿರು ಕೊಟ್ಟರು. ರೋಗಿ ಉಳಿದರು. ಆ ವರದಿಯನ್ನು ನಾನು ಎಷ್ಟು ಸಲ ಓದಿದ್ದೇನೋ. ನಾನು ಅವತ್ತೇ ಬರೆದಿದ್ದರೆ ಎಲ್ಲ ಆಸ್ಪತ್ರೆಗೂ ಎಚ್ಚರಿಕೆ ಹೋಗಿರುತ್ತಿತ್ತು, ಅಲ್ವಾ?

1978ರಲ್ಲಿ ಜೆಫ್ರಿ ಕೂಪರ್ ಮತ್ತು ಸಂಗಡಿಗರು ಅರಿವಳಿಕೆಯಲ್ಲಿ ತಪ್ಪಿಸಬಹುದಾಗಿದ್ದ 359 ಅವಘಡಗಳ ಬಗ್ಗೆ ಬರೆದಿದ್ದರು. ಸಿರಿಂಜ್ ಅದಲುಬದಲು ಅದರಲ್ಲೂ ಇದೆ. ಕೂಪರ್ ವೈದ್ಯರಲ್ಲ, ಇಂಜಿನಿಯರ್. ತಪ್ಪು ಮಾಡಿದವರು ಯಾರು ಎಂದು ಅವರು ಹುಡುಕಲಿಲ್ಲ. ತಪ್ಪು ಹೇಗಾಯಿತು ಎಂದಷ್ಟೇ ಕೇಳಿದರು. ನಮ್ಮ ಫಾರ್ಮಿನಲ್ಲೂ ಹೆಸರಿಗೆ ಜಾಗ ಇಡದಿರುವುದು ಅದಕ್ಕೇ.

ನಾನು ಕೂತ ಮೇಲೆ ಪ್ರಶ್ನೆ ಕೇಳಿದ ಹಿರಿಯರೇ ಎದ್ದು, "ನಾನು ಅನುಮೋದಿಸುತ್ತೇನೆ," ಅಂದರು. ಯಾರೂ ವಿರೋಧಿಸಲಿಲ್ಲ. ಹೊರಗೆ ಬಂದಾಗ ಇಬ್ಬರು ಬೇರೆ ಬೇರೆಯಾಗಿ ಬಂದು ಫಾರ್ಮಿನ ಕೊಂಡಿ ಕೇಳಿದರು. ಯಾಕೆಂದು ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಕಾರ್ಯದರ್ಶಿಗೆ ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ಬ್ಯಾಂಕಿನ ಕಾಗದ ಎಲ್ಲ ಒಪ್ಪಿಸಿದೆ. ಮುಂದಿನ ಮಹಾಸಭೆಯನ್ನು ಬೆಳಿಗ್ಗೆ ಮೊದಲ ಪಾಠಕ್ಕೂ ಮುಂಚೆ ಇಡಿ, ಆ ಹೊತ್ತಿಗೆ ಬೇರೆ ಏನನ್ನೂ ಇಡಬೇಡಿ ಎಂದು ಬರೆದುಕೊಟ್ಟಿದ್ದೇನೆ. ಹಿಂದಿನ ಸಾಲಿನ ಆ ಮೂವರ ಫೋನ್ ನಂಬರನ್ನೂ, ಅವರನ್ನು ಕೇಳಿಯೇ, ಕೊಟ್ಟಿದ್ದೇನೆ.

ನಡಾವಳಿಯ ಕರಡು ಈಗ ನಾಲ್ಕನೇ ಪುಟದಲ್ಲಿದೆ. "ಕೋರಂ ಇಲ್ಲದ ಕಾರಣ ತಿದ್ದುಪಡಿಯನ್ನು ಮುಂದಿನ ವರ್ಷಕ್ಕೆ ಇಡಲಾಯಿತು" ಎಂದು ಬರೆದು, ಕೆಳಗೆ ಅದನ್ನು ಮಂಡಿಸಬೇಕಾಗಿದ್ದವರ ಹೆಸರುಗಳನ್ನೂ ಸೇರಿಸಿದ್ದೇನೆ. ನಾಳೆ ಏಳೂವರೆಗೆ ಓಟಿ ಇದೆ. ಉಳಿದ ಒಂದು ಪುಟ ಮುಗಿಸಿ ಮಲಗುತ್ತೇನೆ.