ಉತ್ತರ ಹೇಳ್ದೆ ಕಲಿಸೋದು

ಕ್ಲಿನಿಕ್ಕಿಗೆ ಇಬ್ಬರು ಟ್ರೈನಿ ಡಾಕ್ಟರ್‌ಗಳನ್ನ ಕಳಿಸಿ, ನೋಡ್ಕೊಳ್ಳಿ ಡಾಕ್ಟ್ರೇ ಅಂದಿದ್ರು, ನಾನು ಟೀಚರ್ ಆಗಿದ್ದು ಹಾಗೆ. ಕಲಿಸೋದು ಹೇಗೆ ಅಂತ ನನಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಪ್ರತಿ ಪೇಷಂಟ್ ಆದ್ಮೇಲೂ ಹತ್ತು ನಿಮಿಷ ಮಾತಾಡ್ತಿದ್ದೆ, ಅವರು ತಲೆ ಆಡಿಸ್ತಿದ್ರು, ಹೊರಗಡೆ ಕ್ಯೂ ಬೆಳೀತಾ ಇತ್ತು. ಮೂರು ತಿಂಗಳಾದ್ಮೇಲೆ ಒಂದಿನ ಒಬ್ಬ ಟ್ರೈನಿ ಕೆಮ್ಮಿನ ಕೇಸ್ ನೋಡುವಾಗ ಮೂಲೇಲಿ ಸುಮ್ನೆ ಕೂತೆ. ತೂಕ ಇಳಿದಿದ್ಯಾ, ಮನೇಲಿ ಬೇರೆ ಯಾರಿಗಾದ್ರೂ ಕೆಮ್ಮಿದ್ಯಾ, ಎರಡನ್ನೂ ಕೇಳ್ಲೇ ಇಲ್ಲ. ಟಿಬಿ ಬಗ್ಗೆ ನಾನು ನಾಲ್ಕು ಸಲನಾದ್ರೂ ಹೇಳಿದ್ದೆ! ಆದ್ರೆ ಅಷ್ಟು ದಿನದಲ್ಲಿ ಅವನು ಪೇಷಂಟ್ ಹತ್ರ ಹೇಗೆ ಮಾತಾಡ್ತಾನೆ ಅಂತ ಒಂದ್ಸಲನೂ ನಾನು ಕೂತು ನೋಡಿರ್ಲಿಲ್ಲ.

ಆಮೇಲೆ ಹುಡುಕಿ ಕಲಿತಿದ್ದು ಒನ್ ಮಿನಿಟ್ ಪ್ರಿಸೆಪ್ಟರ್ ಅನ್ನೋ ವಿಧಾನ, ಪ್ರಿಸೆಪ್ಟರ್ ಅಂದ್ರೆ ಪೇಷಂಟ್ ನೋಡ್ತಾನೇ ಕಲಿಸೋ ಡಾಕ್ಟರ್. 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್ (ಯಾವ ಕಾಯಿಲೆಗಾದ್ರೂ ಮೊದ್ಲು ಹೋಗೋ ಡಾಕ್ಟರ ವಿಭಾಗ) ಟೀಚರ್‌ಗಳು ಬರೆದಿದ್ದು, ರಶ್ ಇರೋ ಕ್ಲಿನಿಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಮೊದ್ಲು ನಿನಗೇನನ್ಸತ್ತೆ ಅಂತ ಕೇಳ್ಬೇಕು, ಯಾಕೆ ಹಾಗನ್ಸತ್ತೆ ಅಂತ ಕೇಳ್ಬೇಕು, ಆಮೇಲೆ ಒಂದೇ ಒಂದು ಪಾಯಿಂಟ್ ಹೇಳ್ಕೊಡ್ಬೇಕು, ಸರಿ ಮಾಡಿದ್ದನ್ನ ಹೇಳಿ ತಪ್ಪನ್ನ ತಿದ್ದಬೇಕು. ಕಷ್ಟ ಇರೋದು ಮೊದಲ್ನೇದ್ರಲ್ಲೇ. ಸೀನಿಯರ್ ಮುಂದೆ ತಪ್ಪು ಹೇಳಿದ್ರೆ ಬೈಗುಳ ಅಂತಾನೇ ಕಲ್ತು ಬಂದ ಹುಡುಗ್ರು ಬಾಯೇ ಬಿಡಲ್ಲ, ನಾವು ತಡ್ಕೊಳ್ಳಕ್ಕಾಗ್ದೆ ಉತ್ತರ ಹೇಳ್ಬಿಡ್ತೀವಿ, ಅಲ್ಲಿಗೆ ಅವರು ಯೋಚ್ನೆ ಮಾಡೋದು ನಿಂತ್ಹೋಗತ್ತೆ. ಬರೀ 'ಗುಡ್' ಅಂದ್ರೂ ಉಪಯೋಗ ಇಲ್ಲ. ಪೇಷಂಟ್ ಹೇಳಿ ಮುಗಿಸೋವರೆಗೂ ಕಾದ್ಯಲ್ಲ, ಅದಕ್ಕೇ ಅವರು ತೂಕದ ವಿಷಯ ಬಾಯಿಬಿಟ್ರು ಅಂದ್ರೆ ಅದು ನೆನಪಲ್ಲಿ ಉಳಿಯತ್ತೆ.

ಬಡ ದೇಶಗಳಲ್ಲಿ ಫ್ಯಾಮಿಲಿ ಮೆಡಿಸಿನ್ ಹೊಸದಾಗಿ ಶುರುವಾದಾಗ ಕಲಿಸೋಕೆ ಸಿಗೋದು ಹೆಚ್ಚಾಗಿ ದೊಡ್ಡಾಸ್ಪತ್ರೆ ಸ್ಪೆಷಲಿಸ್ಟ್‌ಗಳೇ. ಅವರನ್ನ ದೂರ್ತಿಲ್ಲ, ಅವರು ನೋಡೋ ಪೇಷಂಟೇ ಬೇರೆ. 1961ರಲ್ಲಿ ಸಂಶೋಧಕ ಡಾಕ್ಟರ್ ಕೆರ್ ವೈಟ್ ಮತ್ತೆ ಜೊತೆಗಾರರು ಬರೆದಿದ್ರು, ಒಂದು ತಿಂಗಳಲ್ಲಿ 1000 ವಯಸ್ಕರಲ್ಲಿ 750 ಜನಕ್ಕೆ ಏನೋ ಒಂದು ತೊಂದ್ರೆ ಆಗತ್ತೆ, 250 ಜನ ಡಾಕ್ಟರ್ ಹತ್ರ ಹೋಗ್ತಾರೆ, ಮೆಡಿಕಲ್ ಕಾಲೇಜ್ ಆಸ್ಪತ್ರೆ ತನಕ ಹೋಗೋದು 1 ಅಂತ. ಅಮೆರಿಕ, ಬ್ರಿಟನ್ ಲೆಕ್ಕ ಅದು, ಆದ್ರೂ ಆ 250 ಜನರನ್ನ ನೋಡೋ ಡಾಕ್ಟರೇ ಕಲಿಸ್ಬೇಕು ಅನ್ನೋಕೆ ನನಗೆ ಇಷ್ಟು ಸಾಕು.

ಆದ್ರೆ ಆ ಡಾಕ್ಟರಿಗೆ ಕಲಿಸೋದು ಹೇಗೆ ಅಂತ ಹೇಳ್ಕೊಡೋಕೆ ಹೊರಗಿಂದ ಎಕ್ಸ್‌ಪರ್ಟ್ ಬಂದು ವಾರದ ವರ್ಕ್‌ಶಾಪ್ ಮಾಡಿ ಸರ್ಟಿಫಿಕೇಟ್ ಕೊಟ್ಟು ಹೋದ್ರೆ ಸಾಲಲ್ಲ. ಸೋಮವಾರ ಮತ್ತೆ ಅದೇ ಕ್ಯೂ ಇರತ್ತೆ ತಾನೇ? ಪಾಠದ ದಿನ ಪೇಷಂಟ್ ಲಿಸ್ಟ್ ಕಮ್ಮಿ ಮಾಡ್ಬೇಕು, ಟೀಚರ್‌ಗಳು ಒಬ್ಬರ ಪಾಠ ಇನ್ನೊಬ್ಬರು ಕೂತು ನೋಡ್ಬೇಕು, ಅದೂ ವರ್ಷಗಟ್ಲೆ.

ನಾವು ನಾಲ್ಕು ಜನ ಈಗ ತಿಂಗಳಿಗೊಮ್ಮೆ ಇದನ್ನೇ ಮಾಡ್ತಿದ್ದೀವಿ. ಪ್ರಶ್ನೆ ಕೇಳಿ ನಾನು ಎಷ್ಟೊತ್ತು ಕಾಯ್ತೀನಿ ಅಂತ ಒಬ್ರು ಮೇಡಂ ಗಡಿಯಾರ ನೋಡಿ ಬರ್ಕೊಂಡಿದ್ರು, ಎರಡು ಸೆಕೆಂಡ್. ಮುಂದಿನ ವಾರ ಮತ್ತೆ ಬರ್ತಾರೆ.